ರೌಟರ್ ನಾನೇ!

ಭಾನುವಾರ, ರಾತ್ರಿ ಹನ್ನೊಂದು. ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್. ಒಂದು ಹೊಸದು, ಇನ್ನೊಂದು ಮುಚ್ಚಳದ ಕೀಲು ಸಡಿಲಾದ ಹಳೆಯದು. ಎರಡೂ ನನ್ನವೇ, ವೈಫೈ ಕೂಡ ನನ್ನದೇ (ಈ ಆಟ ಆಫೀಸಿನಲ್ಲಿ ಆಡಿದರೆ ಕೆಲಸ ಹೋದೀತು). ಹೊಸದರಲ್ಲಿ 'ಎಆರ್‌ಪಿ -ಎ' ಎಂದು ಟೈಪಿಸಿದೆ. 192.168.1.1, ಅಂದರೆ ರೌಟರ್. ಅದರ ಪಕ್ಕ ಮ್ಯಾಕ್ ವಿಳಾಸ, ಕೊನೆಯಲ್ಲಿ 27. ಹಳೆಯದರಲ್ಲಿ ಪುಟ್ಟದೊಂದು ಪ್ರೋಗ್ರಾಂ ಓಡಿಸಿ ಮತ್ತೆ ಅದೇ ಕಮಾಂಡ್ ಕೊಟ್ಟರೆ, ಅಯ್ಯೋ, 27 ಮಾಯ! ಅಲ್ಲಿ ಕೂತಿದ್ದು 94, ನನ್ನ ಹಳೆಯ ಡಬ್ಬದ ವಿಳಾಸ! ಪಾಸ್‌ವರ್ಡ್ ಕೇಳಲಿಲ್ಲ, ಎಚ್ಚರಿಕೆ ಬರಲಿಲ್ಲ, ಓಡುತ್ತಿದ್ದ ಹಾಡು ಕೂಡ ನಿಲ್ಲಲಿಲ್ಲ. ಹೊಸ ಲ್ಯಾಪ್‌ಟಾಪ್ ಹೊರಗೆ ಕಳಿಸುವುದೆಲ್ಲ ಈಗ ಹಳೆಯದರ ಕೈ ದಾಟಿಯೇ ಹೋಗುತ್ತಿತ್ತು.

ಒಂದೇ ಜಾಲದೊಳಗೆ ಪ್ಯಾಕೆಟ್ ಮುಟ್ಟಿಸಲು ಐಪಿ ಸಾಲದು, 48 ಬಿಟ್‌ನ ಮ್ಯಾಕ್ ಬೇಕು. ಅದಕ್ಕೇ ಕಂಪ್ಯೂಟರ್ ಎಆರ್‌ಪಿ ಎಂಬ ನಿಯಮದಂತೆ, ವಠಾರದ ಅಂಗಳದಲ್ಲಿ ನಿಂತು ಕೂಗಿದ ಹಾಗೆ ಎಲ್ಲರನ್ನೂ ಕೇಳುತ್ತದೆ: 192.168.1.1 ಯಾರಪ್ಪಾ? 'ನಾನೇ' ಎಂದವರನ್ನು ನಂಬುತ್ತದೆ. ಕೂಗದೇ ಇದ್ದಾಗ ಬಂದು 'ನಾನೇ' ಎಂದರೂ ನಂಬುತ್ತದೆ!

ಇಷ್ಟು ಮುಗ್ಧತೆ ಎಲ್ಲಿಂದ ಬಂತು? ಮೂಲ ಹುಡುಕಿ ಹೊರಟೆ. 1982ರ ನವೆಂಬರ್‌ನಲ್ಲಿ ಎಂಐಟಿಯ ಡೇವಿಡ್ ಪ್ಲಮ್ಮರ್ ಬರೆದ, ಎಆರ್‌ಪಿಯನ್ನು ವಿವರಿಸುವ ದಾಖಲೆ ಆರ್‌ಎಫ್‌ಸಿ 826. ಅದರಲ್ಲಿರುವ ಕ್ರಮ ನೋಡಿ ಕುರ್ಚಿಯಿಂದ ಎದ್ದೇಬಿಟ್ಟೆ. ಸಂದೇಶ ಬಂದರೆ, ಕಳಿಸಿದವರ ಐಪಿ ನಿಮ್ಮ ಪಟ್ಟಿಯಲ್ಲಿ ಆಗಲೇ ಇದ್ದರೆ, ಮೊದಲು ಮ್ಯಾಕ್ ತಿದ್ದಿಕೊಳ್ಳಿ. ಅದು ಪ್ರಶ್ನೆಯೋ ಉತ್ತರವೋ ಎಂದು ನೋಡುವುದು ಆಮೇಲೆ! ಆ ಸಾಲಿಗೆ ಪ್ಲಮ್ಮರ್ ತಾವೇ ಎರಡು ಆಶ್ಚರ್ಯಸೂಚಕ ಹಾಕಿದ್ದಾರೆ. ಇದು ಎಡವಟ್ಟಲ್ಲ, ಬೇಕೆಂದೇ ಬರೆದ ನಿಯಮ. ಯಂತ್ರ ಬದಲಾದರೆ ಸುದ್ದಿ ಬೇಗ ಹರಡಲಿ ಎಂಬ ಸದಾಶಯ. ಇವತ್ತಿಗೂ ಒಂದು ಸರ್ವರ್ ಸತ್ತಾಗ ಬದಲಿ ಸರ್ವರ್ ಅದರ ಐಪಿ ಹೊತ್ತು 'ಇನ್ಮೇಲೆ ನಾನೇ' ಎಂದು ಸಾರಿ ಸೇವೆ ಉಳಿಸುವುದು ಇದೇ ದಾರಿಯಲ್ಲಿ. ಕಳ್ಳನದ್ದೂ ಆಪದ್ಬಾಂಧವನದ್ದೂ ಅದೇ 28 ಬೈಟ್!

ಹಾಗಾದರೆ ತಡೆ? ದೊಡ್ಡ ಕಚೇರಿಯ ಸ್ವಿಚ್ಚಿಗೆ ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ಎಂಬ ಕಣ್ಣಿದೆ. ಡಿಎಚ್‌ಸಿಪಿ ಯಾವ ಮ್ಯಾಕ್‌ಗೆ, ಯಾವ ಪೋರ್ಟಿನಲ್ಲಿ, ಯಾವ ಐಪಿ ಕೊಟ್ಟಿತು ಎಂಬ ಲೆಕ್ಕ ಇಟ್ಟುಕೊಂಡು, ತಾಳೆಯಾಗದ 'ನಾನೇ'ಯನ್ನು ಬಾಗಿಲಲ್ಲೇ ಬಿಸಾಕುತ್ತದೆ. ಎಚ್‌ಟಿಟಿಪಿಎಸ್ ಇದ್ದರೆ ನಡುವೆ ಕೂತವನ ಕೈಗೆ ಸಿಗುವುದು ಬೀಗ ಹಾಕಿದ ಪೆಟ್ಟಿಗೆ. ಯಾವ ತಾಣಕ್ಕೆ ಹೋಗುತ್ತಿದ್ದೀರಿ ಎಂಬ ಸುಳಿವು ಮಾತ್ರ ಸಿಕ್ಕೀತು. ಬ್ರೌಸರ್ ಪ್ರಮಾಣಪತ್ರದ ಎಚ್ಚರಿಕೆ ಕೊಟ್ಟಾಗ 'ಪರವಾಗಿಲ್ಲ' ಒತ್ತುವವರಿಗೆ ಆ ಬೀಗವೂ ಇಲ್ಲ.

ಮನೆಗೆ ಇಷ್ಟೆಲ್ಲ ಎಲ್ಲಿಂದ ತರೋಣ? ರೌಟರ್‌ನ ನಿಜವಾದ ಮ್ಯಾಕ್ ಅನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಕೈಯಾರೆ ಸ್ಥಿರವಾಗಿ ನಮೂದಿಸಿದೆ. ಅರ್ಧ ಕಾವಲು ಅಷ್ಟೇ, ರೌಟರ್‌ನ ಕಿವಿಗೆ ಸುಳ್ಳು ಊದುವುದು ಇನ್ನೂ ಸಾಧ್ಯ. ಆದರೂ ನೋಡುವ ಚಪಲ! ಹಳೆಯದು ಎರಡು ಸೆಕೆಂಡಿಗೊಮ್ಮೆ ರೌಟರ್ ನಾನೇ, ರೌಟರ್ ನಾನೇ ಎಂದು ಕೂಗುತ್ತಲೇ ಇತ್ತು. ಮತ್ತೆ 'ಎಆರ್‌ಪಿ -ಎ'. 27. ಇನ್ನೊಮ್ಮೆ. 27! ಹನ್ನೆರಡೂವರೆವರೆಗೂ ಅದನ್ನೇ ಒತ್ತುತ್ತಾ ಕೂತಿದ್ದೆ.