ಗುರಿಕಾರಿಕೆ: ಸಲಕರಣೆಯ ಆಯ್ಕೆ ಮತ್ತು ಸಾಧನೆ

ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಗೆ ತಲೆಬಾಗದೆ 1857ರಲ್ಲಿ ಸಿಡಿದೆದ್ದ ಹಲಗಲಿ ಬೇಡರ ಕಥೆ ಲಾವಣಿಯಾಗಿ ಉಳಿದಿರುವ ಬಾಗಲಕೋಟೆ ಜಿಲ್ಲೆಯಲ್ಲಿ ಆಯುಧವೆಂಬುದು ಮಾನದ ಸಂಕೇತವಾಗಿದ್ದರೆ, ಇಂದಿನ ಗುರಿಕ್ರೀಡೆಯಲ್ಲಿ ಅದು ಸಂಯಮದ ಸಾಧನವಾಗಿದೆ.

ಓಡಾಡುತ್ತಲೇ ಹಲವು ಗುರಿಗಳಿಗೆ ಹೊಡೆಯುವ, ನಿಖರತೆ, ಶಕ್ತಿ, ವೇಗ ಮೂರನ್ನೂ ಅಳೆಯುವ ‘ಪ್ರಾಕ್ಟಿಕಲ್ ಶೂಟಿಂಗ್’ ಎಂಬ ಸ್ಪರ್ಧೆಯೂ ಈ ಕ್ರೀಡೆಯಲ್ಲಿದೆ; ಆದರೆ ಹೊಸಬರು ಕಲಿಕೆ ಆರಂಭಿಸಲು 10 ಮೀಟರ್ ಏರ್ ಪಿಸ್ತೂಲೇ ಸೂಕ್ತ. ಒತ್ತಿದ ಗಾಳಿಯಿಂದ 4.5 ಮಿ.ಮೀ. ಸೀಸದ ಗುಂಡನ್ನು ಹಾರಿಸುವ ಈ ಪಿಸ್ತೂಲಿನ ತೂಕ 1,500 ಗ್ರಾಂ ಮೀರಬಾರದು, ಅದರ ಕುದುರೆ, ಅಂದರೆ ಟ್ರಿಗರ್, 500 ಗ್ರಾಂಗಿಂತ ಕಡಿಮೆ ಒತ್ತಡಕ್ಕೆ ಬಿಡಬಾರದು.

ಒಂದೇ ಕೈಯಲ್ಲಿ ಹಿಡಿಯಬೇಕಾದ್ದರಿಂದ ಕೊಳ್ಳುವಾಗ ಬೆಲೆಗಿಂತ ಮೊದಲು ಹಿಡಿ ಅಂಗೈಗೆ ಹೊಂದುವುದೇ ಎಂದು ನೋಡಬೇಕು. ಹತ್ತು ಅಂಕದ ವೃತ್ತ ಕೇವಲ 11.5 ಮಿ.ಮೀ. ಅಗಲವಿರುವುದರಿಂದ ಬೆರಳಿನ ಸಣ್ಣ ಅದುರುವಿಕೆಯೂ ಅಂಕ ಕಳೆಯುತ್ತದೆ. ಆದ್ದರಿಂದಲೇ ಗುಂಡು ತುಂಬದೆ, ಖಾಲಿ ಗೋಡೆಯೆದುರು ನಿಂತು, ಮುಂದಿನ ಗುರಿಮೊನೆಯಲ್ಲೇ ದೃಷ್ಟಿ ನೆಟ್ಟು, ಅರ್ಧ ಉಸಿರು ಬಿಟ್ಟು ಕುದುರೆಯನ್ನು ಮೆಲ್ಲನೆ ಒತ್ತುವ ನಿತ್ಯದ ಅಭ್ಯಾಸದ ಕೊರತೆಯನ್ನು ಯಾವ ದುಬಾರಿ ಸಲಕರಣೆಯೂ ತುಂಬಿಕೊಡಲಾರದು.