ಕೆಲವು ವಾರಗಳ ಕೂಲಿ ಉಳಿಸುವ ಸಣ್ಣ ಗಾಯ

ಬೈಪಾಸ್ ಮಾಡಿಸಿಕೊಂಡು ಮನೆಗೆ ಹೊರಟವರಿಗೆ ಆಸ್ಪತ್ರೆಯವರು ಮಾತ್ರೆ ಚೀಟಿಯ ಜೊತೆ ಕೆಲವು ಕಟ್ಟಪ್ಪಣೆಗಳನ್ನೂ ಕೊಟ್ಟು ಕಳಿಸುತ್ತಾರೆ. ತುಂಬಿದ ಬಿಂದಿಗೆ ಎತ್ತಬೇಡಿ. ಕೆಮ್ಮು ಬಂದರೆ ಎದೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿ. ಅಂಗೈ ಊರಿ ಏಳಬೇಡಿ, ಮಗ್ಗುಲಾಗಿ ಏಳಿ. ಎರಡು ಮೂರು ತಿಂಗಳು ಗಾಡಿ ಮುಟ್ಟಬೇಡಿ. ಈ ಪಥ್ಯವೆಲ್ಲ ಮುಖ್ಯವಾಗಿ ಮೂಳೆಯ ಸಲುವಾಗಿ. ಹೃದಯವನ್ನು ತಲುಪಲು ವೈದ್ಯರು ಎದೆಯ ನಡುಮೂಳೆಯನ್ನು ಗರಗಸದಿಂದ ಉದ್ದಕ್ಕೂ ಸೀಳಿ, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳುವವರೆಗೆ ಎರಡೂ ತೋಳುಗಳಿಗೆ ರಜೆ.

ತೋಳಿಗೆ ರಜೆ ಎಂದರೆ ಪಶ್ಚಿಮ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಲೆಗೂ ರಜೆ. ರಾಜಾಜಿನಗರ ಹುಟ್ಟಿದ್ದೇ 1949ರಲ್ಲಿ, ಕೈಗಾರಿಕಾ ಉಪನಗರವಾಗಿ. ಇಂದಿಗೂ ಈ ಭಾಗದ ಬದುಕು ನಡೆಯುವುದು ಪೀಣ್ಯದ ಲೇತ್ ಮಷಿನ್ನುಗಳ ಮುಂದೆ, ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳಲ್ಲಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ, ವಿಜಯನಗರದ ತರಕಾರಿ ಮೂಟೆಗಳ ನಡುವೆ, ಕೆಂಗೇರಿಯ ಆಟೋ ಸ್ಟ್ಯಾಂಡಿನಲ್ಲಿ. ಎದೆ ಸೀಳದೆ ಪಕ್ಕೆಲುಬಿನ ಸಂದಿಯಿಂದ ಮಾಡುವ ಹೃದಯ ಶಸ್ತ್ರಚಿಕಿತ್ಸೆಯ ಜಾಹೀರಾತುಗಳು ಕಲೆ ಕಾಣದ ಚರ್ಮವನ್ನು ತೋರಿಸುತ್ತವೆ. ಆ ಚಿಕಿತ್ಸೆಯ ನಿಜವಾದ ಬೆಲೆ ಗೊತ್ತಾಗುವುದು ದುಡಿಯುವ ತೋಳಿಗೆ.

ಬೈಪಾಸ್ ಆದರೆ ಒಳಗೆ ನಡೆಯುವುದು ಇಷ್ಟು. ರೋಗಿಯ ಎಡಮಗ್ಗುಲನ್ನು ಕೊಂಚ ಎತ್ತರಿಸಿ ಮಲಗಿಸುತ್ತಾರೆ. ಅರಿವಳಿಕೆ ತಜ್ಞರು ಎಡ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸಿ, ಬಲಗಡೆಯದೊಂದರಲ್ಲೇ ಉಸಿರಾಡಿಸುತ್ತಾರೆ. ಕುಗ್ಗಿದ ಶ್ವಾಸಕೋಶ ಪಕ್ಕಕ್ಕೆ ಸರಿದು ಜಾಗ ಬಿಡುತ್ತದೆ. ಎಡ ಎದೆಯ ಕೆಳಗೆ, ನಾಲ್ಕನೇ ಅಥವಾ ಐದನೇ ಪಕ್ಕೆಸಂದಿನಲ್ಲಿ, ಎರಡು ಮೂರು ಇಂಚಿನ ಕೊಯ್ತ. ಎದೆಗೋಡೆಯ ಒಳಮೈಗೆ ಅಂಟಿಕೊಂಡ ರಕ್ತನಾಳವನ್ನು ಬಿಡಿಸಿಕೊಂಡು, ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ, ಅಡಚಣೆಯ ಆಚೆಗೆ ಹೊಲಿಯುತ್ತಾರೆ. ಸಾಮಾನ್ಯವಾಗಿ ಹೃದಯವನ್ನು ನಿಲ್ಲಿಸುವುದಿಲ್ಲ. ಹೊಲಿಗೆ ಬೀಳಬೇಕಾದ ಸಣ್ಣ ಜಾಗವನ್ನಷ್ಟೇ ಸ್ಟೆಬಿಲೈಸರ್ ಎಂಬ ಹಿಡಿಕೆ ಅಲುಗದಂತೆ ಹಿಡಿದಿರುತ್ತದೆ. ಉಳಿದ ಹೃದಯ ಬಡಿಯುತ್ತಲೇ ಇರುತ್ತದೆ. ಕೂದಲಿನಷ್ಟು ಸಣ್ಣ ದಾರದಿಂದ, ಕೈ ಪೂರ್ತಿ ತೂರದ ಕಿಂಡಿಯಲ್ಲಿ ಹಾಕುವ ಆ ಹೊಲಿಗೆಯ ಮೇಲೆ ಒಂದು ಜೀವ ನಿಂತಿರುತ್ತದೆ.

ಕವಾಟದ ತೊಂದರೆಯಾದರೆ ಸಾಮಾನ್ಯವಾಗಿ ಬಲಮಗ್ಗುಲಿನಿಂದ ಹೋಗುತ್ತಾರೆ. ತೊಡೆಸಂದಿಯ ರಕ್ತನಾಳಗಳಿಗೆ ಹಾರ್ಟ್-ಲಂಗ್ ಮೆಷಿನ್ ಜೋಡಿಸಿ, ಕ್ಯಾಮೆರಾ ಮತ್ತು ಉದ್ದ ಹಿಡಿಕೆಯ ಉಪಕರಣಗಳಿಂದ ಮೈಟ್ರಲ್ ಕವಾಟವನ್ನು ರಿಪೇರಿ ಮಾಡುತ್ತಾರೆ ಅಥವಾ ಬದಲಿಸುತ್ತಾರೆ.

ಪಕ್ಕೆಯಿಂದ ಹೋಗುವ ದಾರಿ ನಿನ್ನೆ ಮೊನ್ನೆಯದಲ್ಲ. 1964ರಲ್ಲೇ ಲೆನಿನ್‌ಗ್ರಾಡಿನ ವಾಸಿಲಿ ಕೊಲೆಸೊವ್ ಎಡ ಪಕ್ಕೆಯನ್ನು ತೆರೆದು, ಬಡಿಯುವ ಹೃದಯದ ಮೇಲೆಯೇ ಬೈಪಾಸ್ ಹೊಲಿಗೆ ಹಾಕಿದ್ದರು. ನಮ್ಮ ಬೆಂಗಳೂರಿನಲ್ಲಿ ಡಾ. ವಿವೇಕ್ ಜವಳಿ, ಪೂರ್ತಿ ಅರಿವಳಿಕೆ ಕೊಡದೆ, ರೋಗಿ ಎಚ್ಚರವಿರುವಾಗಲೇ ಬೈಪಾಸ್ ಮಾಡಿ ಹೆಸರಾದವರು. ಈ ವಿದ್ಯೆಗೆ ನಮ್ಮೂರಿನವರು ದೂರದ ಊರು ಹುಡುಕಬೇಕಾಗಿಲ್ಲ.

ಹಾಗಾದರೆ ಸಣ್ಣ ಗಾಯದಿಂದ ನಿಜಕ್ಕೂ ಲಾಭವೆಷ್ಟು? ಮೈಟ್ರಲ್ ಕವಾಟದ ರಿಪೇರಿ ಬಗ್ಗೆ ಬ್ರಿಟನ್ನಿನಲ್ಲಿ 330 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಹನ್ನೆರಡನೇ ವಾರದಲ್ಲಿ ನೋಡಿದಾಗ, ಎದೆ ಸೀಳಿಸಿಕೊಂಡವರೂ ಪಕ್ಕೆಯಿಂದ ಮಾಡಿಸಿಕೊಂಡವರೂ ಚೇತರಿಕೆಯಲ್ಲಿ ಸರಿಸಮ. ರಿಪೇರಿಯ ಗುಣಮಟ್ಟವೂ ಸಮ. ಆದರೆ ಆರನೇ ವಾರದಲ್ಲಿ ಸಣ್ಣ ಗಾಯದವರು ಮುಂದಿದ್ದರು; ಆಸ್ಪತ್ರೆಯಿಂದ ಮನೆಗೆ ಹೋಗಿದ್ದೂ ಬೇಗ. ನನಗೆ ಈ ಫಲಿತಾಂಶ ಬಹಳ ಮುಖ್ಯ ಅನ್ನಿಸುತ್ತದೆ. ಸಣ್ಣ ಗಾಯದ ಆಪರೇಷನ್ ಆದರೆ ಹೆಚ್ಚು ವರ್ಷ ಬದುಕುತ್ತೀರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಉಳಿಸಿಕೊಡುವುದು ಚೇತರಿಕೆಯ ಮೊದಲ ವಾರಗಳನ್ನು.

ಆ ವಾರಗಳ ಬೆಲೆ ಎಲ್ಲರಿಗೂ ಒಂದೇ ಅಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ, ಇಎಸ್‌ಐ ಕಾರ್ಡಿರುವ ಕಾರ್ಮಿಕರಿಗೆ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ; ರಾಜಾಜಿನಗರದಲ್ಲೇ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಇದೆ. ಆಟೋ ಓಡಿಸುವವರಿಗೆ, ಗಾರೆ ಕೆಲಸದವರಿಗೆ, ಮನೆಗೆಲಸದ ಹೆಂಗಸರಿಗೆ ಆ ಆಸರೆಯಿಲ್ಲ. ಬೇಗ ಕೆಲಸಕ್ಕೆ ಮರಳುವುದು ಅತ್ಯಗತ್ಯವಾದವರಿಗೇ ಈ ದಾರಿ ಕೈಗೆಟುಕದೆ ಹೋದರೆ ಅನ್ಯಾಯ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಪಕ್ಕೆಯಿಂದ ಮಾಡಿಸಿಕೊಂಡರೂ ಯೋಜನೆಯ ಪ್ಯಾಕೇಜಿನಲ್ಲೇ ಆಗುತ್ತದೆಯೇ, ಮೇಲೆ ಕೈಯಿಂದ ಕಟ್ಟಬೇಕೇ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ದಾಖಲಾಗುವ ಮುಂಚೆಯೇ ಕೇಳಿ.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಲಾಭವಿದೆ. ಸೀಳಿದ ನಡುಮೂಳೆಗೆ ಸೋಂಕು ತಗುಲಿದರೆ ಅದು ವಾಸಿಯಾಗದೆ ಬಹುಕಾಲ ಕಾಡುತ್ತದೆ. ಮೂಳೆಯನ್ನೇ ಮುಟ್ಟದಿದ್ದರೆ ಆ ಭಯವಿಲ್ಲ. ಹಾಗೆಂದು ನೋವೇ ಇರುವುದಿಲ್ಲ ಎಂದುಕೊಳ್ಳಬೇಡಿ. ಪಕ್ಕೆಲುಬುಗಳ ನಡುವಿನ ನರ ಹಿಗ್ಗಿರುವುದರಿಂದ ಮೊದಲ ಕೆಲವು ದಿನ ಚೆನ್ನಾಗಿಯೇ ನೋಯುತ್ತದೆ. ಎಲ್ಲರಿಗೂ ಇದು ಒಗ್ಗುವುದೂ ಇಲ್ಲ. ಶ್ವಾಸಕೋಶ ದುರ್ಬಲವಾಗಿದ್ದವರು, ಹಿಂದೆ ಎದೆಯ ಆಪರೇಷನ್ ಆದವರು, ಕಾಲಿನ ರಕ್ತನಾಳ ಕೆಟ್ಟಿರುವವರು, ಒಂದೇ ಸಲಕ್ಕೆ ಕವಾಟ ಮತ್ತು ಬೈಪಾಸ್ ಎರಡೂ ಆಗಬೇಕಾದವರು, ಇಂಥವರಿಗೆ ಎದೆ ತೆರೆಯುವುದೇ ಕ್ಷೇಮ ಎಂದು ವೈದ್ಯರು ಹೇಳಿದರೆ ಒಪ್ಪಿಕೊಳ್ಳಿ. ಅಗಲವಾಗಿ ತೆರೆದು ಚೆನ್ನಾಗಿ ಹಾಕಿದ ಹೊಲಿಗೆ, ಇಕ್ಕಟ್ಟಿನಲ್ಲಿ ಕಷ್ಟಪಟ್ಟು ಹಾಕಿದ ಹೊಲಿಗೆಗಿಂತ ಯಾವತ್ತೂ ಮೇಲು.

ಈ ಮಾತೆಲ್ಲ ದಿನ ಗೊತ್ತುಮಾಡಿ ಮಾಡುವ ಆಪರೇಷನ್‌ಗೆ ಮಾತ್ರ. ಎದೆನೋವು ಬಂದ ಹೊತ್ತಿನಲ್ಲಿ ಗಾಯದ ಅಳತೆ ಯೋಚಿಸುತ್ತ ಕೂರಬೇಡಿ; 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ.

ಸಮಯವಿದ್ದವರು ಸರ್ಜನ್ನರ ಮುಂದೆ ಸಂಕೋಚ ಬಿಟ್ಟು ಕೇಳಿ: ನನಗೆ ಇದು ಆಗುತ್ತದೆಯೇ, ಆಗದಿದ್ದರೆ ಏಕೆ, ನೀವು ತಿಂಗಳಿಗೆ ಇಂಥವು ಎಷ್ಟು ಮಾಡುತ್ತೀರಿ, ನಡುವೆ ತೊಡಕಾಗಿ ಎದೆ ತೆರೆಯಬೇಕಾದದ್ದು ಎಷ್ಟು ಸಲ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಆಂಜಿಯೋಗ್ರಾಂ ಸಿಡಿ ನಿಮ್ಮದು, ಕೇಳಿ ಇಸಿದುಕೊಳ್ಳಿ. ಎರಡನೇ ಅಭಿಪ್ರಾಯಕ್ಕೆ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗುವುದಾದರೆ ಕೆಂಗೇರಿ, ವಿಜಯನಗರದವರು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಹೋಗಿ, ಅಲ್ಲಿಂದ ಹಳದಿ ಮಾರ್ಗ ಹಿಡಿಯಬೇಕು. ರಾಜಾಜಿನಗರದವರು ಹಸಿರು ಮಾರ್ಗದಲ್ಲೇ ಹತ್ತಿದರಾಯಿತು. 2025ರ ಆಗಸ್ಟ್‌ನಿಂದ ಆ ಆಸ್ಪತ್ರೆಯ ಹೆಸರಿನದೇ ಮೆಟ್ರೊ ನಿಲ್ದಾಣವಿದೆ.