ಕಾರಿನ ಸ್ಪ್ರಿಂಗೂ ಅಮ್ಮನ ಬೆನ್ನೂ

ಮಿಜಾರಿನಿಂದ ಯುವಕರೊಬ್ಬರು ಇತ್ತೀಚೆಗೆ ತಮ್ಮ ತಾಯಿಯನ್ನು ಕರೆದುಕೊಂಡು ಬಂದಿದ್ದರು. ತಾಯಿಗೆ ಅರುವತ್ತೆಂಟು ವರ್ಷ. ಮಂಗಳೂರಿನಲ್ಲಿ ಮದುವೆಯೂಟ ಮುಗಿಸಿ ಮರಳುವಾಗ, ಬಣ್ಣ ಮಾಸಿದ್ದ ಹಂಪ್ ಒಂದನ್ನು ಕಾರು ವೇಗದಲ್ಲಿಯೇ ದಾಟಿತ್ತು. ತಾಯಿ ಹಿಂದಿನ ಸೀಟಿನಲ್ಲಿದ್ದರು. “ಹಂಪ್ ಬಂದದ್ದೇ ನನಗೆ ಗೊತ್ತಾಗಲಿಲ್ಲ ಡಾಕ್ಟ್ರೇ. ಸೀಟಿನಿಂದ ಮೇಲೆ ಹೋಗಿ ದೊಪ್ಪನೆ ಕೂತ ಹಾಗಾಯಿತು. ಆಮೇಲೆ ಏಳಲಿಕ್ಕೇ ಆಗುವುದಿಲ್ಲ,” ಎಂದರು.

ಎಕ್ಸ್-ರೇಯಲ್ಲಿ ಕಾರಣ ಸ್ಪಷ್ಟವಾಯಿತು. ಸೊಂಟದ ಭಾಗದ ಮೊದಲನೆಯ ಬೆನ್ನುಮೂಳೆಯ ಮಣಿ ಮುಂಭಾಗದಲ್ಲಿ ಕುಸಿದು ಬೆಣೆಯಂತಾಗಿತ್ತು.

ಮಗನಿಗೆ ಬಹಳ ಬೇಸರ. “ತಪ್ಪು ಕಾರಿನದ್ದು ಡಾಕ್ಟ್ರೇ. ಮೊದಲು ಇದೇ ಮಾಡೆಲಿನ ಹಳೆಯ ವರ್ಷದ ಕಾರಿತ್ತು. ಅದರಲ್ಲಿ ಅಮ್ಮ ಆರಾಮವಾಗಿ ಬರುತ್ತಿದ್ದರು. ಹೊಸದರ ಸಸ್ಪೆನ್ಶನ್ ಕಲ್ಲಿನ ಹಾಗೆ ಗಟ್ಟಿ. ಇದನ್ನು ಕೊಟ್ಟು ಹಳೆಯದನ್ನೇ ತೆಗೆದುಕೊಳ್ಳಲೇ?” ಎಂದು ಕೇಳಿದರು.

ವೇಗದ ಓಟಕ್ಕೆಂದೇ ತಯಾರಾದ ಸೆಡಾನ್ ಕಾರುಗಳು ಈಗ ನಮ್ಮ ಊರುಗಳಿಗೂ ಬಂದಿವೆ. ಮಗ ಇಷ್ಟಪಟ್ಟು ಕೊಂಡ ಕಾರಿನ ಹಿಂದಿನ ಸೀಟಿನಲ್ಲಿ ಕೂರುವವರು ಅಪ್ಪ, ಅಮ್ಮ, ಅಜ್ಜಿ. ಆದ್ದರಿಂದ ಈ ಪ್ರಶ್ನೆ ಒಂದು ಮನೆಯದ್ದು ಮಾತ್ರವಲ್ಲ.

ಗಟ್ಟಿ ಎಂದರೇನು?

ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗ್. ಅದರ ಕುಣಿತವನ್ನು ತಡೆಯುವುದು ಶಾಕ್ ಅಬ್ಸಾರ್ಬರ್. ರಸ್ತೆಯ ಪೆಟ್ಟನ್ನು ಮೊದಲು ತಿನ್ನುವುದು ಟೈರು. ಈ ಮೂರೂ ಸೇರಿ ಆಗುವ ಅನುಭವವನ್ನೇ ನಾವು ‘ಮೆದು’ ಅಥವಾ ‘ಗಟ್ಟಿ’ ಎನ್ನುತ್ತೇವೆ.

ಒಂದು ಚಕ್ರದ ಮೇಲೆ 350 ಕಿಲೋ ಭಾರವಿದೆ ಎಂದಿಟ್ಟುಕೊಳ್ಳಿ. ಇನ್ನೂ 2 ಕಿಲೋ ಹೇರಿದರೆ ಒಂದು ಮಿಲಿಮೀಟರ್ ತಗ್ಗುವ ಸ್ಪ್ರಿಂಗ್ ಅಲ್ಲಿದ್ದರೆ, ಕಾರು ಸೆಕೆಂಡಿಗೆ ಸುಮಾರು 1.2 ಸಲ ಮೇಲೆ ಕೆಳಗೆ ತೂಗುತ್ತದೆ. ಹೊಸ ಮಾಡೆಲಿನಲ್ಲಿ ಸ್ಪ್ರಿಂಗನ್ನು ಒಂದೂವರೆ ಪಟ್ಟು ಗಟ್ಟಿ ಮಾಡಿ, ಮಿಲಿಮೀಟರಿಗೆ 3 ಕಿಲೋ ಆಗುವಂತೆ ಮಾಡಿದರೆಂದುಕೊಳ್ಳಿ. ಆಗ ತೂಗಾಟ ಸೆಕೆಂಡಿಗೆ ಸುಮಾರು 1.5 ಸಲವಾಗುತ್ತದೆ. ಗಟ್ಟಿತನ ಒಂದೂವರೆ ಪಟ್ಟಾದರೂ ತೂಗಾಟದ ವೇಗ ಏರುವುದು ಕಾಲು ಭಾಗಕ್ಕಿಂತಲೂ ಕಡಿಮೆ.

ಕುಳಿತ ಮನುಷ್ಯನ ದೇಹಕ್ಕೆ ಅತಿ ಹೆಚ್ಚು ತ್ರಾಸ ಕೊಡುವುದು ಸೆಕೆಂಡಿಗೆ 4ರಿಂದ 8 ಸಲದ ಅದುರಾಟ. ಬೆನ್ನುಮೂಳೆ, ಹೊಟ್ಟೆಯೊಳಗಿನ ಅಂಗಗಳು ಆ ಲಯಕ್ಕೆ ತಾವೂ ಅದುರಿ ಪೆಟ್ಟನ್ನು ಹೆಚ್ಚಿಸುತ್ತವೆ. ಸ್ಪ್ರಿಂಗಿನ ತೂಗಾಟ ಅಷ್ಟು ಮೇಲೆ ಹೋಗುವುದಿಲ್ಲ. ಆದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಟೈರು ಮೂರೂ ಗಟ್ಟಿಯಾದಾಗ, ರಸ್ತೆಯ ಈ ಬಗೆಯ ಅದುರಾಟ ಸೋಸದೆ ಸೀಟಿನವರೆಗೂ ಬರುತ್ತದೆ. ಬಸ್ಸು, ಲಾರಿ, ಟ್ರ್ಯಾಕ್ಟರ್ ಚಾಲಕರಲ್ಲಿ ಸೊಂಟನೋವು ಹೆಚ್ಚಲು ಇದೂ ಒಂದು ಕಾರಣ. ಕೆಲಸಗಾರರ ದೇಹಕ್ಕೆ ದಿನವೊಂದರಲ್ಲಿ ಎಷ್ಟು ಅದುರಾಟ ತಗಲಬಹುದೆಂದು ಐರೋಪ್ಯ ಒಕ್ಕೂಟ 2002ರಲ್ಲಿ ಮಿತಿಯನ್ನೇ ಗೊತ್ತುಮಾಡಿತು.

ವರ್ಷ ಬದಲಾದರೆ ಏನು ಬದಲಾಗುತ್ತದೆ?

ಒಂದೇ ಹೆಸರಿನ ಕಾರಿನಲ್ಲಿಯೂ ವರ್ಷದಿಂದ ವರ್ಷಕ್ಕೆ ವ್ಯತ್ಯಾಸವಿರಬಹುದು. ಪರಿಚಿತ ಉದಾಹರಣೆಯೊಂದನ್ನು ನೋಡೋಣ (ಮೇಲೆ ಹೇಳಿದ ಮನೆಯ ಕಾರು ಇದಲ್ಲ). ಸ್ಕೋಡಾ ಆಕ್ಟೇವಿಯಾದ ವೇಗದ ಆವೃತ್ತಿ ಆರ್‌ಎಸ್ 2017ರಲ್ಲಿ ಭಾರತಕ್ಕೆ ಬಂದಾಗ ಅದಕ್ಕಿದ್ದದ್ದು 17 ಇಂಚಿನ ಚಕ್ರ, 225/45 ಅಳತೆಯ ಟೈರು. 2020ರಲ್ಲಿ 200 ಕಾರುಗಳಿಗಷ್ಟೇ ಸೀಮಿತವಾಗಿ ಬಂದ ಆರ್‌ಎಸ್ 245ಕ್ಕೆ 18 ಇಂಚಿನ ಚಕ್ರ, 225/40 ಟೈರು. ಮೊದಲ ಸಂಖ್ಯೆ ಟೈರಿನ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಟೈರಿನ ಎತ್ತರ ಎಂಬುದು. ಲೆಕ್ಕ ಹಾಕಿದರೆ ಮೊದಲಿನದು 101 ಮಿಲಿಮೀಟರ್, ನಂತರದ್ದು 90. ಪೆಟ್ಟು ತಿನ್ನುವ ಗಾಳಿಯ ಮೆತ್ತೆ 11 ಮಿಲಿಮೀಟರಿನಷ್ಟು ತೆಳ್ಳಗಾಯಿತು. ಸ್ಪ್ರಿಂಗ್ ಹಾಗೆಯೇ ಇದ್ದರೂ ಗುಂಡಿಯ ಅಂಚಿನ ಪೆಟ್ಟು ಈಗ ಹೆಚ್ಚು ಹರಿತವೆನಿಸುತ್ತದೆ.

ಆದ್ದರಿಂದ ಎರಡು ವರ್ಷಗಳ ಕಾರುಗಳನ್ನು ಹೋಲಿಸುವವರು ಮೊದಲು ಟೈರಿನ ಬದಿಯ ಅಂಕಿಯನ್ನು ಓದಬೇಕು. ಆಮೇಲೆ ಗಾಳಿ. ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿ ಸೂಚಿಸಿದ್ದಕ್ಕಿಂತ ಹೆಚ್ಚು ಗಾಳಿ ತುಂಬಿಸಿದರೆ ಮೆದುವಾದ ಕಾರೂ ಗಟ್ಟಿಯಾಗುತ್ತದೆ.

ಸ್ಪ್ರಿಂಗನ್ನು ಮನೆಯಂಗಳದಲ್ಲಿಯೇ ಹೋಲಿಸಬಹುದು. ಸಮತಟ್ಟಾದ ನೆಲದಲ್ಲಿ ಹಿಂದಿನ ಚಕ್ರದ ಮೇಲಿನ ತಗಡಿನ ಅಂಚಿನ ಎತ್ತರವನ್ನು ಅಳೆಯಿರಿ. ಇಬ್ಬರು ಹಿಂದಿನ ಸೀಟಿನಲ್ಲಿ ಕುಳಿತ ಮೇಲೆ ಮತ್ತೆ ಅಳೆಯಿರಿ. ಅದೇ ಇಬ್ಬರು ಇನ್ನೊಂದು ಕಾರಿನಲ್ಲಿಯೂ ಕೂರಲಿ. ಕಡಿಮೆ ತಗ್ಗಿದ ಕಾರಿನ ಸ್ಪ್ರಿಂಗ್ ಹೆಚ್ಚು ಗಟ್ಟಿ. ಶಾಕ್ ಅಬ್ಸಾರ್ಬರ್ ಪರೀಕ್ಷೆಗೆ ಕಾರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಅದು ಸೋತಿದೆ ಎಂದರ್ಥ, ಗ್ಯಾರೇಜಿಗೆ ಒಯ್ಯಿರಿ.

ಮೆದುವಾದದ್ದೆಲ್ಲ ಒಳ್ಳೆಯದೂ ಅಲ್ಲ. ಐದು ಜನ ಮತ್ತು ಸಾಮಾನು ಹೇರಿದಾಗ ಬಹಳ ಮೆದುವಾದ ಸ್ಪ್ರಿಂಗ್ ಪೂರ್ತಿ ಕುಗ್ಗಿ ತಳದ ರಬ್ಬರಿಗೆ ಬಡಿಯುತ್ತದೆ. ಆ ಪೆಟ್ಟು ಗಟ್ಟಿ ಸ್ಪ್ರಿಂಗಿನ ಪೆಟ್ಟಿಗಿಂತಲೂ ಕೆಟ್ಟದ್ದು.

ದೊಡ್ಡ ಕಾರಣ ವೇಗ

ಇನ್ನು ಆ ಹಂಪಿನ ಮಾತು. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಸೂಚಿಸಿದ ಹಂಪಿನ ಅಳತೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಲಿಕ್ಕೆ ಮಾಡಿದ್ದು ಅದು. ಅದೇ ಹಂಪನ್ನು 50ರ ವೇಗದಲ್ಲಿ ದಾಟಿದರೆ ಎಸೆತದ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು! ಲೆಕ್ಕದ ಪ್ರಕಾರ ಅದು ಭೂಮಿಯ ಸೆಳೆತವನ್ನೂ ಮೀರುತ್ತದೆ. ಹಿಂದೆ ಕುಳಿತವರು ಸೀಟಿನಿಂದ ಎದ್ದು ಮತ್ತೆ ಕೆಳಕ್ಕೆ ಬೀಳುತ್ತಾರೆ. ಮೂಳೆ ಮುರಿಯುವುದು ಏಳುವಾಗ ಅಲ್ಲ, ಬೀಳುವಾಗ. ಅಳತೆ ತಪ್ಪಿದ ಚೂಪು ಹಂಪುಗಳಲ್ಲಿ ಇನ್ನೂ ಕಡಿಮೆ ವೇಗವೇ ಸಾಕು.

ಹಿಂದಿನ ಸೀಟೇ ಏಕೆ? ಅದು ಹಿಂದಿನ ಚಕ್ರದ ಹತ್ತಿರವಿರುತ್ತದೆ, ಆದ್ದರಿಂದ ಎಸೆತ ನೇರವಾಗಿ ತಗಲುತ್ತದೆ. ಮುಂದೆ ಕುಳಿತವರಿಗೆ ಹಂಪು ಕಾಣಿಸುತ್ತದೆ, ಮೈ ತಾನಾಗಿಯೇ ಬಿಗಿಯಾಗುತ್ತದೆ. ಹಿಂದೆ ತೂಕಡಿಸುತ್ತಿರುವ ಅಮ್ಮನಿಗೆ ಆ ಎಚ್ಚರಿಕೆಯಿಲ್ಲ.

ಮೂಳೆಯ ಪಾಲು

ಅದೇ ಸೀಟಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಮೊಮ್ಮಗಳಿಗೆ ಏನೂ ಆಗಿರಲಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆಯ ಸಾಂದ್ರತೆ ವೇಗವಾಗಿ ಇಳಿಯುತ್ತದೆ. ಉಬ್ಬಸಕ್ಕೋ ಗಂಟುನೋವಿಗೋ ಬಹುಕಾಲ ಸ್ಟೀರಾಯ್ಡ್ ಮಾತ್ರೆ ತಿಂದವರಲ್ಲಿ ಗಂಡಸರಿಗೂ ಹೀಗಾಗುತ್ತದೆ. ಹೊರಗೆ ಯಾವ ಲಕ್ಷಣವೂ ಇರುವುದಿಲ್ಲ. ಮೊದಲ ಸೂಚನೆಯೇ ಮುರಿತ. ಎದೆಭಾಗ ಮುಗಿದು ಸೊಂಟ ಆರಂಭವಾಗುವಲ್ಲಿನ ಮಣಿಗಳು ಹೆಚ್ಚಾಗಿ ಕುಸಿಯುತ್ತವೆ.

ಹಂಪು ಹಾರಿದ ಮೇಲೆ ನಡುಬೆನ್ನಿನಲ್ಲಿ ಥಟ್ಟನೆ ನೋವು ಬಂದು, ನಿಂತರೆ ಹೆಚ್ಚಾಗಿ ಮಲಗಿದರೆ ಕಡಿಮೆಯಾಗುತ್ತಿದ್ದರೆ ‘ಉಳುಕು’ ಎಂದು ಬೆನ್ನು ನೀವಿಸಬೇಡಿ, ಎಳೆಸಬೇಡಿ. ಮೊದಲು ಎಕ್ಸ್-ರೇ ಆಗಲಿ. ಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಿರಿ.

ಇಂತಹ ಮುರಿತಗಳಲ್ಲಿ ಹೆಚ್ಚಿನವು ನೋವಿನ ಔಷಧಿ, ಕೆಲ ದಿನಗಳ ವಿಶ್ರಾಂತಿ, ನಂತರ ನಿಧಾನ ನಡಿಗೆಯಿಂದ ಎರಡು ಮೂರು ತಿಂಗಳಲ್ಲಿ ಕೂಡಿಕೊಳ್ಳುತ್ತವೆ. ಆದರೆ ಅಷ್ಟಕ್ಕೇ ಬಿಟ್ಟರೆ ಇನ್ನೊಂದು ಮಣಿ ಕುಸಿಯುವ ಅಪಾಯವಿದೆ. ಆದ್ದರಿಂದ ಮೂಳೆಯ ಸಾಂದ್ರತೆಯ ಪರೀಕ್ಷೆ, ವೈದ್ಯರ ಸಲಹೆಯಂತೆ ಔಷಧಿ ಅಗತ್ಯ. ಜೊತೆಗೆ ಹಾಲು, ರಾಗಿ, ಮುಳ್ಳು ಸಹಿತ ತಿನ್ನುವ ಸಣ್ಣ ಮೀನು, ಬಿಸಿಲು ಮತ್ತು ದಿನವೂ ನಡಿಗೆ ಇರಲಿ.

ನೆನಪಿಡಬೇಕಾದದ್ದು

* ಹಿರಿಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಹಿಂದೆ ಕುಳಿತರೂ ಬೆಲ್ಟ್ ಕಟ್ಟಿಸಿ.

* ಹಂಪು ಕಂಡೊಡನೆ “ಅಮ್ಮಾ, ಹಂಪು” ಎಂದು ಹೇಳಿ, ವೇಗ ಇಳಿಸಿ.

* ಚಕ್ರ ದೊಡ್ಡದು ಮಾಡಿಸಿ ತೆಳು ಟೈರು ಹಾಕಿಸುವ ಮುನ್ನ ಮನೆಯ ಹಿರಿಯರನ್ನು ನೆನೆಯಿರಿ.

* ಕಾರು ಕೊಳ್ಳುವ ಮುನ್ನ ಅವರನ್ನೂ ಕರೆದೊಯ್ದು ಹಿಂದೆ ಕೂರಿಸಿ, ನಿಮ್ಮೂರಿನ ರಸ್ತೆಯಲ್ಲಿಯೇ ಓಡಿಸಿ ನೋಡಿ.

ಆ ಯುವಕರು ಕಾರನ್ನು ಮಾರಲಿಲ್ಲ. ಮಾರಬೇಕೆಂದು ನಾನೂ ಹೇಳಲಿಲ್ಲ. ಮೂರು ತಿಂಗಳ ಬಳಿಕ ತಾಯಿ ತಾವೇ ನಡೆದುಕೊಂಡು ಒಳಬಂದರು. “ಈಗ ಎದುರಿನ ಸೀಟು ನನ್ನದು ಡಾಕ್ಟ್ರೇ. ಹಂಪು ಬಂದರೆ ಅವನಿಗಿಂತ ಮೊದಲು ನಾನೇ ಹೇಳುತ್ತೇನೆ,” ಎಂದರು.